ಕಾಲಿಗೆ ನೀರು

ಅಧಿಕಾರಿಯ ಪಾದ ಕೆಂಪಾಯಿತೋ ನೀಲಿಯಾಯಿತೋ, ಈಗ ಆಣೆ ಮಾಡಿ ಹೇಳಲಾರೆ. ಎಂಬತ್ತರ ದಶಕದ ಮೂಡಲಪಾಳ್ಯ. ನಮ್ಮ ಪಕ್ಕದ ಮನೆಯಾಕೆಯ ಬಾವಿಗೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಕೊಳೆನೀರು ಇಳಿಯುತ್ತಿತ್ತು. ತಪಾಸಣೆಗೆ ಬಂದ ಸರ್ಕಾರಿ ಅಧಿಕಾರಿಗಳೆಲ್ಲ ಮಾಲೀಕನ ಕಾಫಿ ಕುಡಿದು, ಬಾವಿ ನೋಡದೆ ಹೋಗುತ್ತಿದ್ದರು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ "ಬರ್ಲಿ, ನೋಡ್ಕೋತೀನಿ" ಎನ್ನುತ್ತಿದ್ದರು.

ಒಂದು ದಿನ ಅಧಿಕಾರಿಯನ್ನು ಕಾರ್ಖಾನೆಯ ಗೇಟಿನಲ್ಲೇ ತಡೆದರು. "ಇವತ್ತು ನಮ್ಮನೇಲಿ ಕಾಫಿ ಕುಡೀರಿ ಸಾರ್. ಮೊದ್ಲು ಕಾಲು ತೊಳ್ಕೊಳಿ."

ಬಂದವರಿಗೆ ಕಾಲಿಗೆ ನೀರು ಕೊಡುವುದು ಪದ್ಧತಿ. ಆಕೆಯ ಮನೆ ಬಾಗಿಲಲ್ಲಿ ಆತ ಬೂಟು ಬಿಚ್ಚಿದ. ಹಿತ್ತಾಳೆ ಚೊಂಬಿನ ನೀರು ಬಿದ್ದದ್ದೇ ಪಾದಕ್ಕೆ ಬಣ್ಣ ಹತ್ತಿತು.

"ಏನಮ್ಮಾ ಇದು?"

"ನಮ್ ಬಾವಿ ನೀರು ಸಾರ್. ಕಾಫಿಗೂ ಇದೇ. ಸಕ್ಕರೆ ಎಷ್ಟು ಹಾಕ್ಲಿ?"

ಇಷ್ಟನ್ನು ಮಾತ್ರ ಆಮೇಲೆ ಅಲ್ಲಿನವರನ್ನು ಕೇಳಿ ಖಚಿತಪಡಿಸಿಕೊಂಡೆ: ಕಾರ್ಖಾನೆ ಮುಚ್ಚಲಿಲ್ಲ, ಆಕೆಯೂ ಅಲ್ಲಿಗೆ ಬಂದ ಯಾವ ಅಧಿಕಾರಿಯನ್ನೂ ಕಾಲು ತೊಳೆಸದೆ ಕಳಿಸಲಿಲ್ಲ.