ಬಾಗಿಲಿಗೆ ಹಚ್ಚಿದ ಕುಂಕುಮ

ದೊಡ್ಡವ್ವ ತೀರಿಕೊಂಡು ವರ್ಷವಾಗುತ್ತ ಬಂತು. ಈಗಲೂ ರಾಯಚೂರಿನ ಬಸ್ ನಿಲ್ದಾಣದಲ್ಲೋ ತರಕಾರಿ ಸಂತೆಯಲ್ಲೋ ಯಾರಾದರೂ ನನ್ನನ್ನು ತಡೆದು ನಿಲ್ಲಿಸುತ್ತಾರೆ. “ನೀವು ಅವರ ಮೊಮ್ಮಗಳಲ್ಲೇನ್ರಿ? ಎಂಥಾ ಹೆಣ್ಮಗಳ್ರಿ ಯವ್ವಾ, ಎಷ್ಟು ಛಂದ ಮಾತಾಡ್ತಿದ್ಲು!” ಎನ್ನುತ್ತಾರೆ. ನಾನು ಹೌದು ಹೌದೆಂದು ತಲೆಯಾಡಿಸುತ್ತೇನೆ. ಇವರ್ಯಾರೂ ಆಕೆಯನ್ನು ಕರೆದುಕೊಂಡು ಒಂದು ಊರಿನಿಂದ ಇನ್ನೊಂದು ಊರಿಗೆ ಹೋದವರಲ್ಲ. ಹೋಗಿದ್ದರೆ ಈ ಮಾತು ಹೇಳುವ ಮೊದಲು ಸ್ವಲ್ಪ ನೀರು ಕುಡಿದು ಸುಧಾರಿಸಿಕೊಳ್ಳುತ್ತಿದ್ದರು.

ದೊಡ್ಡವ್ವ ಎಂದರೆ ನಮ್ಮಪ್ಪನ ತಾಯಿ. ಕಿರಾಣಿ ಅಂಗಡಿಗೆ ಸಾಸಿವೆ ತರಲು ಹೋದವಳು ಸಾಸಿವೆ ಮರೆತು, ಅಂಗಡಿಯವನ ಸೊಸೆಯ ತವರುಮನೆಯ ಸುದ್ದಿಯನ್ನೆಲ್ಲ ತರುತ್ತಿದ್ದಳು. ಬಿಪಿ ತೋರಿಸಲು ದವಾಖಾನೆಗೆ ಹೋದರೆ ಸಾಲಿನಲ್ಲಿ ಪಕ್ಕ ಕುಳಿತಿದ್ದ ಹೆಂಗಸನ್ನು ಊಟಕ್ಕೆ ಕರೆತರುತ್ತಿದ್ದಳು. ಡಾಕ್ಟರು ಬರೆದುಕೊಟ್ಟ ಚೀಟಿ ಅಲ್ಲೇ ಬೆಂಚಿನ ಮೇಲೆ ಉಳಿದಿರುತ್ತಿತ್ತು. ನಮ್ಮವ್ವ ಎಷ್ಟು ರೊಟ್ಟಿ ಬಡಿಯಬೇಕು ಎಂದು ಯೋಚಿಸುವುದನ್ನೇ ಬಿಟ್ಟುಬಿಟ್ಟಿದ್ದಳು. ಹಿಟ್ಟು ಮುಗಿಯುವ ತನಕ ಬಡಿಯುವುದು, ಅಷ್ಟೇ.

ಆಕೆಯ ನೆನಪಾದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ತಂಗಿಯ ಮದುವೆ. ನೆನಪಿಗಿಂತ ಮೊದಲು ಸಿಟ್ಟು ಬರುತ್ತದೆ.

ಗಂಡಿನ ಊರು ದೇವದುರ್ಗ, ಮದುವೆಯೂ ಅಲ್ಲೇ. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಕಾರ್ಡು ಹಂಚುವುದಲ್ಲ. ಮನೆಗೆ ಹೋಗಿ, ಕುಳಿತು, ಹೆಣ್ಣುಮಕ್ಕಳ ಹಣೆಗೆ ಕುಂಕುಮ ಹಚ್ಚಿ, ಬರಲೇಬೇಕೆಂದು ಹೇಳಬೇಕು. ಮನೆಗೆ ಬೀಗ ಹಾಕಿದ್ದರೆ ಬಾಗಿಲಿಗೇ ಕುಂಕುಮ ಹಚ್ಚಿ, ಚಿಲಕಕ್ಕೆ ಕಾರ್ಡು ಸಿಗಿಸಿ ಬರುವುದೂ ಉಂಟು. ಆದರೆ ಅದು ಪರಿಚಯದವರ ಮನೆಗೆ. ರಕ್ತಸಂಬಂಧಿಗಳ ಮನೆಗೆ ಬೀಗ ಇದ್ದರೆ ಕಾಯಬೇಕು, ಇಲ್ಲವೇ ಇನ್ನೊಮ್ಮೆ ಹೋಗಬೇಕು. ನಮ್ಮ ಕಾಕಾನಿಗೆ ಮಾನ್ವಿಯ ಮನೆಗಳನ್ನು ಒಪ್ಪಿಸಿದ್ದೆವು. ಆತ ಬಿಸಿಲಿಗೆ ಬೇಸತ್ತು, ದೊಡ್ಡವ್ವನ ಸ್ವಂತ ತಂಗಿಯ ಮನೆಗೆ ಬೀಗ ಇದ್ದದ್ದನ್ನು ಕಂಡು, ಬಾಗಿಲಿಗೆ ಕುಂಕುಮ ಹಚ್ಚಿ ಬಂದುಬಿಟ್ಟ.

ಆ ತಂಗಿಯನ್ನು ನಾವು ಸಣ್ಣವ್ವ ಎನ್ನುತ್ತೇವೆ. ಸಂಜೆಯೇ ಆಕೆಯ ಫೋನು ಬಂತು.

“ನಿಮ್ಮ ಕಾಕಾ ನಮ್ಮ ಬಾಗಿಲಾಕ ಕುಂಕುಮ ಹಚ್ಚಿ ಕರದು ಹೋಗ್ಯಾನ. ಬಾಗಿಲಾ ಕಿತ್ತಿ ಕಳಸ್ತೀನಿ. ಅದಕ್ಕೊಂದು ಎಲಿ ಹಾಕಿ ಉಣ್ಣಾಕ ನೀಡ್ರಿ.”

“ಸಣ್ಣವ್ವಾ, ಕಾಕಾಗ ತಿಳೀಲಿಲ್ಲ...”

“ನಾ ಏನ್ ಕಾಶಿಗೆ ಹೋಗಿದ್ನೇನು? ಬಾಜೂ ಮನ್ಯಾಗ ಹಪ್ಪಳ ಲಟ್ಟಸಾಕತ್ತಿದ್ದೆ. ಒಂದು ದನಿ ಮಾಡಿದ್ರ ಕೇಳ್ತಿತ್ತು!” ಫೋನು ಕಟ್ಟಾಯಿತು.

ಪಕ್ಕದಲ್ಲಿ ಉಣ್ಣುತ್ತಿದ್ದ ದೊಡ್ಡವ್ವ ತಟ್ಟೆ ಸರಿಸಿದಳು. ಅದಕ್ಕೆ ಕಾರಣವಿತ್ತು. ಅಜ್ಜ ಹೋದ ಮೇಲೆ ಆಕೆಯ ಹಣೆಯಲ್ಲಿ ವಿಭೂತಿ ಮಾತ್ರ. ಅರಿಶಿನ ಕುಂಕುಮದ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಮನೆಯಲ್ಲಿ ಮದುವೆಯಾದಾಗಲೆಲ್ಲ ಆಕೆಯ ಬದಲು ಸಣ್ಣವ್ವ ಬಂದು ಮದುಮಕ್ಕಳಿಗೆ ಅರಿಶಿನ ಹಚ್ಚುತ್ತಿದ್ದಳು. ಸಣ್ಣವ್ವನ ಗಂಡ ಗಟ್ಟಿಮುಟ್ಟಾಗಿದ್ದ. ನನ್ನ ಮದುವೆಯಲ್ಲಿ ನನಗೆ ಹಚ್ಚಿದವಳೂ ಆಕೆಯೇ. ಆಗ ದೊಡ್ಡವ್ವ ದೂರದ ಕಂಬಕ್ಕೆ ಒರಗಿ, ತಾನೇ ಹಚ್ಚುತ್ತಿದ್ದೇನೋ ಎಂಬಂತೆ ಬೆರಳುಗಳನ್ನು ತಿಕ್ಕಿಕೊಳ್ಳುತ್ತ ನಿಂತಿದ್ದಳು.

“ಆಕಿ ಬರ್ಲಿಲ್ಲಂದ್ರ ಈ ಮದುವ್ಯಾಗ ನನ್ನ ಕೈ ಇಲ್ಲದಂಗ ಆಗ್ತದ” ಎಂದಳು.

“ನೀನೇ ಹಚ್ಚು ದೊಡ್ಡವ್ವ. ಯಾರು ಏನಂತಾರ ನೋಡೋಣು” ಎಂದಳು ನನ್ನ ತಂಗಿ.

“ಬಾಯಿ ಮುಚ್ಚು, ಹುಚ್ಚಿ. ನಾಳಿ ನಿನಗ ತಲಿಶೂಲಿ ಬಂದ್ರೂ ನನ್ನ ಮ್ಯಾಲೇ ಬರ್ತದ.”

ಮದುವೆಗೆ ಇನ್ನೇನು ಎರಡು ದಿನ. ಬಳೆಯವನು ಬಂದಿಲ್ಲ, ರವಿಕೆ ಹೊಲಿದಾಗಿಲ್ಲ, ನಾನು ದೊಡ್ಡವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು ಮಾನ್ವಿಗೆ ಹೊರಡಬೇಕಾಯಿತು. ಅದು ಎಷ್ಟು ಹೊತ್ತಿನ ದಾರಿ ಎಂದು ಕೇಳಬೇಡಿ. ಕಲ್ಮಲದಲ್ಲಿ ಚಹದಂಗಡಿ ಕಂಡಿತೆಂದು ಇಳಿದಳು. ಅಂಗಡಿಯಾಕೆಯ ಮಗಳಿಗೆ ಎರಡನೇ ಹೆರಿಗೆ ಎಂದು ತಿಳಿದುಕೊಳ್ಳುವ ತನಕ ಹತ್ತಲಿಲ್ಲ. ಮುಂದೆ ರಸ್ತೆಯ ಮೇಲೆ ಭತ್ತ ಒಣಹಾಕಿದ್ದ ಹೆಂಗಸರು ಸಿಕ್ಕರು. ಮತ್ತೆ ಇಳಿದಳು. ಸ್ವಲ್ಪ ಹೊತ್ತಿಗೆ ಕೈ ಬೀಸಿ ನನ್ನನ್ನು ಕರೆದಳು.

“ಇವರಿಗೆ ಕುಂಕುಮ ಹಚ್ಚಿ ಕರಿ ಬೇ.”

“ಯಾರು ದೊಡ್ಡವ್ವ ಇವರು?”

“ಯಾರಾದ್ರೇನು? ಇಷ್ಟೊತ್ತು ಮಾತಾಡಿ ಕರೀಲಾರ್ದ ಹೋದ್ರ ಏನು ತಿಳ್ಕೋತಾರ?”

ಕುಂಕುಮದ ಭರಣಿ ನನ್ನ ಕೈಯಲ್ಲಿ, ಬಾಯಿ ಮಾತ್ರ ಆಕೆಯದು. ಕಾಲಿಗೆ ಭತ್ತ ಚುಚ್ಚುತ್ತಿದ್ದರೂ ಮುಗುಳುನಗುತ್ತ, ಗುರುತಿಲ್ಲದವರ ಹಣೆಗಳಿಗೆಲ್ಲ ಹಚ್ಚಿದೆ.

ಮಾನ್ವಿಯಲ್ಲಿ ಅಕ್ಕಿ ಗಿರಣಿಯ ಹಿಂದಿನ ಓಣಿ ಸಣ್ಣವ್ವನದು. ಪಡಸಾಲೆಯಲ್ಲಿ ಕುಳಿತಿದ್ದವಳು ಏಳಲಿಲ್ಲ.

“ಬಾಗಿಲಾ ಮಾತಾಡಿಸಿ ಒಳಗ ಬಂದ್ರ್ಯಾ?” ಎಂದಳು. ನೀರು ಮಾತ್ರ ಕೊಟ್ಟಳು.

ದೊಡ್ಡವ್ವ ಕ್ಷಮೆ ಕೇಳಿ ಮುಗಿಸುತ್ತಾಳೆ, ಮಧ್ಯಾಹ್ನದೊಳಗೆ ರಾಯಚೂರು ಮುಟ್ಟುತ್ತೇವೆ ಎಂದುಕೊಂಡಿದ್ದೆ. ಎಲ್ಲಿಯ ಮಾತು. ಆಕೆ ತಂಗಿಯ ಕಡೆ ತಿರುಗಿಯೂ ನೋಡದೆ ಹೊರಗಿನ ಕಟ್ಟೆಯ ಮೇಲೆ ಕುಳಿತು, ಹಾದು ಹೋಗುವವರನ್ನು ಮಾತಾಡಿಸತೊಡಗಿದಳು. ನೋಡನೋಡುತ್ತ ಓಣಿಯ ಹೆಂಗಸರೆಲ್ಲ ನೆರೆದರು. ಒಬ್ಬೊಬ್ಬರಿಗೂ ನನ್ನಿಂದ ಕುಂಕುಮ ಹಚ್ಚಿಸಿ, “ದೇವದುರ್ಗಕ್ಕ ಬರ್ಬೇಕು ನೋಡ್ರೆವ್ವಾ” ಎಂದು ಕರೆದಳು. ತಂಗಿಯೊಬ್ಬಳನ್ನು ಬಿಟ್ಟು.

ಒಳಗಿನಿಂದ ಸಣ್ಣವ್ವ ಕೂಗಿದಳು. “ಕರಿ, ಮಾನ್ವಿ ಎಲ್ಲಾ ಕರಿ! ತಹಶೀಲ್ದಾರ್ ಕಚೇರಿ ಒಂದ್ಯಾಕ ಬಿಟ್ಟಿ?”

ನನಗೆ ಸಾಕಾಗಿತ್ತು. ಭರಣಿ ಹಿಡಿದು ಒಳಗೆ ಹೋಗಿ ಸಣ್ಣವ್ವನ ಹಣೆಗೆ ಬೆರಳು ಒಯ್ದೆ. ಆಕೆ ಮುಖ ಹಿಂದಕ್ಕೆಳೆದಳು.

“ನೀ ಬ್ಯಾಡ ಬೇ. ಕರ್ಯಾಕಿ ನಮ್ಮಕ್ಕ. ಆಕಿ ಹಚ್ಚಲಿ, ಬರ್ತೀನಿ.”

ಕಟ್ಟೆಯ ಮೇಲಿನ ಮಾತು ನಿಂತಿತು. ದೊಡ್ಡವ್ವನ ಕೈ ಮಡಿಲಲ್ಲೇ ಇತ್ತು.

“ನನ್ನ ಕೈಲೆ ಹೆಂಗ ಹಚ್ಚಿಸ್ಕೋತಿಬೇ...”

“ಹಚ್ಚಿದ್ರ ಏನಾಗ್ತದ? ನಮ್ಮ ಮನ್ಯಾವ ಅಲ್ಲಿ ಕುಂತು ಚುಟ್ಟಾ ಸೇದಾಕತ್ತಾನ. ನೀ ಹಚ್ಚಿದ ಕೂಡ್ಲೆ ಸಾಯ್ತಾನೇನು?”

“ನನ್ನ ಯಾಕ ನಡುವ ತರ್ತೀರೆವ್ವಾ?” ಎಂದ ಸಣ್ಣವ್ವನ ಗಂಡ, ಬೇವಿನ ಗಿಡದ ಕೆಳಗಿನಿಂದ.

ದೊಡ್ಡವ್ವ ಎದ್ದು ಸೆರಗು ಕೊಡವಿಕೊಂಡು, “ನಡಿಬೇ, ಹೊತ್ತಾತು” ಎಂದಳು.

ವಾಪಸು ಬರುವಾಗ ಆಕೆ ಬಾಯಿ ಬಿಡಲಿಲ್ಲ. ಭತ್ತದ ಹೆಂಗಸರು ಕೈಬೀಸಿದರು, ನೋಡಲಿಲ್ಲ. ಕಲ್ಮಲದಲ್ಲಿ ನಾನೇ ಕಾರು ನಿಲ್ಲಿಸಿ “ಚಾ ಕುಡಿ ದೊಡ್ಡವ್ವ” ಎಂದರೆ, “ನೀ ಕುಡಿ” ಎಂದಳು. ಅಂಗಡಿಯಾಕೆ ಗಾಬರಿಯಿಂದ “ಯಾಕ್ರಿ, ಯಜಮಾನ್ತಿಗೆ ಆರಾಮಿಲ್ಲೇನು?” ಎಂದು ಕೇಳಿದಳು. ಜೀವನವಿಡೀ ಈಕೆ ಒಮ್ಮೆ ಸುಮ್ಮನಿದ್ದರೆ ಸಾಕೆಂದು ಬೇಡಿಕೊಂಡವಳು ನಾನು. ಅವತ್ತು ಒಮ್ಮೆ ಮಾತಾಡಲಿ ಎಂದು ಬೇಡಿಕೊಳ್ಳುವ ಹಾಗೆ ಮಾಡಿದಳು. ಅದಕ್ಕೂ ಸಿಟ್ಟು ಬಂತು.

ಮದುವೆಯ ಬೆಳಿಗ್ಗೆ ದೇವದುರ್ಗದ ಕಲ್ಯಾಣ ಮಂಟಪದ ಮುಂದೆ ಒಂದು ಕ್ರೂಸರ್ ಗಾಡಿ ಬಂದು ನಿಂತಿತು. ಮಾನ್ವಿಯ ಓಣಿಗೆ ಓಣಿಯೇ ಇಳಿಯಿತು. ಮುಂದಿನ ಸೀಟಿನಿಂದ ಸಣ್ಣವ್ವ ಇಳಿದಳು.

“ನಾ ಮದುವಿಗಿ ಬಂದಿಲ್ಲ. ಇವರಿಗೆ ದಾರಿ ತೋರ್ಸಾಕ ಬಂದೀನಿ. ನನಗ್ಯಾರೂ ಕರದಿಲ್ಲ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಅಡುಗೆಯವನು ಓಡಿ ಬಂದ. “ಅಕ್ಕಾರ, ಇವರೆಲ್ಲಾ ಯಾವ ಕಡ್ಯಾರು? ಉಪ್ಪಿಟ್ಟು ಮುಗೀಲಿಕ್ಕೆ ಬಂತು!” ಯಾವ ಕಡೆಯವರೆಂದು ಹೇಳಲಿ? ರವೆ ತರಿಸಲು ಕಾಕಾನನ್ನು ಅಟ್ಟಿದೆ. ಆ ಕೆಲಸಕ್ಕೆ ಆತನೇ ತಕ್ಕವನು.

ಒಳಗೆ ತಂಗಿಯನ್ನು ಮಣೆಯ ಮೇಲೆ ಕೂರಿಸಿದ್ದರು. ಸಣ್ಣವ್ವ ಅರಿಶಿನದ ಬಟ್ಟಲಿನ ಪಕ್ಕದಲ್ಲೇ ಕುಳಿತಳು, ಆದರೆ ಕೈ ಕಟ್ಟಿಕೊಂಡು. “ಹಚ್ರೆವ್ವಾ, ಹೊತ್ತು ಮೀರ್ತದ” ಎಂದು ಮದುವೆ ಮಾಡಿಸಲು ಬಂದಿದ್ದ ಸ್ವಾಮಿಗಳು ಅವಸರ ಮಾಡಿದರು. “ಕರೀಲಾರ್ದಾಕಿ ಹೆಂಗ ಹಚ್ಚಲಿ?” ಎಂದಳು ಸಣ್ಣವ್ವ. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಚಿಕೆಯಿಂದ ನನಗೆ ನೆಲ ಬಿರಿಯಬಾರದೇ ಎನಿಸಿತು. ಈ ವಯಸ್ಸಿನಲ್ಲಿ ಅಕ್ಕತಂಗಿಯರ ಹಟಕ್ಕೆ ಹುಡುಗಿಯ ಮದುವೆಯೇ ಬೇಕಿತ್ತೇ?

ಕಂಬದ ಹತ್ತಿರ ನಿಂತಿದ್ದ ದೊಡ್ಡವ್ವ ಜನರನ್ನು ಸರಿಸಿಕೊಂಡು ಬಂದಳು. ನನ್ನ ಕೈಯಿಂದ ಭರಣಿ ಕಿತ್ತುಕೊಂಡಳು. ಅಭ್ಯಾಸ ತಪ್ಪಿದ ಬೆರಳುಗಳು. ಕುಂಕುಮ ಸಣ್ಣವ್ವನ ಹಣೆಗೆ ಅರ್ಧ, ಮೂಗಿನ ಮೇಲೆ ಅರ್ಧ ಬಿತ್ತು.

“ಮೊಮ್ಮಗಳ ಮದಿವಿ ಅದ. ಬಾ ಬೇ” ಎಂದಳು.

“ಬಂದೆ” ಎಂದಳು ಸಣ್ಣವ್ವ. ಮೂಗು ಒರೆಸಿಕೊಂಡಳು. ಆಮೇಲೆ ಅಕ್ಕನ ಮುಂಗೈ ಹಿಡಿದು, ಬಿಡಿಸಿಕೊಳ್ಳಲು ಬಿಡದೆ, ಅರಿಶಿನದ ಬಟ್ಟಲಿಗೆ ಅದ್ದಿದಳು. “ಹಪ್ಪಳ ಲಟ್ಟಿಸಿ ನನ್ನ ರಟ್ಟಿ ನೋಯಾಕತ್ತದ. ನಿನ್ನ ಮೊಮ್ಮಗಳಿಗೆ ನೀನ ಹಚ್ಚು.”

ಮಣೆಯ ಮೇಲಿದ್ದ ನನ್ನ ತಂಗಿ ಕೆನ್ನೆ ಮುಂದೆ ಮಾಡಿದಳು. ದೊಡ್ಡವ್ವ ಮೆಲ್ಲಗೆ, ಬಿಸಿ ಹಂಚು ಮುಟ್ಟುವವಳ ಹಾಗೆ ಮುಟ್ಟಿದಳು. ನಂತರ ಅಂಗೈ ತುಂಬ ತೆಗೆದುಕೊಂಡು ಆ ಕೆನ್ನೆಗೆ ಬಳಿದಳು. ಇದನ್ನೆಲ್ಲ ಬಿಟ್ಟ ಕಣ್ಣಿನಿಂದ ನೋಡುತ್ತಿದ್ದ ಗಂಡಿನ ಸೋದರತ್ತೆ ಏನನ್ನುತ್ತಾಳೋ ಎಂದು ನಾನು ಆಕೆಯ ಮುಖವನ್ನೇ ನೋಡುತ್ತಿದ್ದೆ. ಆಕೆ ಬಗ್ಗಿ, “ನಿಮ್ಮ ತವರುಮನಿ ಯಾವ ಊರ್ರಿ?” ಎಂದಳು.

“ಹಿರೇಕೊಟ್ನೆಕಲ್ ರೀ.” ದೊಡ್ಡವ್ವ ಅರಿಶಿನದ ಕೈಯನ್ನು ಗಾಳಿಯಲ್ಲೇ ಹಿಡಿದು ಪೂರ್ತಿ ಆಕೆಯ ಕಡೆ ತಿರುಗಿದಳು. “ಯಾಕ್ರಿ, ನಿಮ್ಮಾರು ಯಾರರೆ ಅದಾರೇನು ಅಲ್ಲಿ?”

“ನಮ್ಮ ನಾದ್ನಿ ಕೊಟ್ಟದ್ದು ಅಲ್ಲೇರಿ.”

“ಹೌದಾ! ಯಾವ ಓಣ್ಯಾಗ? ಕೆರಿ ಕಡೀದಾ?”

ಸ್ವಾಮಿಗಳು ಗಡಿಯಾರ ನೋಡಿಕೊಂಡರು. ಒಂದು ಕೆನ್ನೆ ಹಳದಿ, ಒಂದು ಕೆನ್ನೆ ಖಾಲಿ ಇಟ್ಟುಕೊಂಡು ಕುಳಿತಿದ್ದ ತಂಗಿ ಕೊನೆಗೆ ಕೂಗಿಕೊಂಡಳು.

“ದೊಡ್ಡವ್ವಾ, ಈ ಕಡೀ ಕೆನ್ನಿ?”

“ತಡಿಬೇ,” ಎಂದಳು ದೊಡ್ಡವ್ವ, “ಮಾತಾಡಾಕತ್ತೀನಿ.”