ಭಾವ ಕಿತ್ತ ಕಪ್ಪು ಚೀಟಿ

ಬೆಳಗಿನ ಹತ್ತಕ್ಕೆ ಬೆಸುಗೆಯಕ್ಕ ಹಳೆಯ ವಿಡಿಯೊ ಗೇಮ್ ಯಂತ್ರವೊಂದರ ಹೊಟ್ಟೆ ಬಗೆಯುತ್ತಿದ್ದಾಗ ಅವಳ ಭಾವ ಬಿಳಿ ಕೈಗವಸು ತೊಟ್ಟು ಒಳಗೆ ಬಂದರು. ಕೈಯಲ್ಲಿ ಮಖಮಲ್ಲು ಸುತ್ತಿದ ಒಂದು ಗೇಮ್ ಕ್ಯಾಸೆಟ್. ಹಿಂದೆ ಬಂದ ಅವಳ ಅಕ್ಕ, ಭಾವನ ಹೆಂಡತಿ, ಕುರ್ಚಿಯ ಮೇಲಿನ ತಂತಿ ಸರಿಸಿ ಕೂತಳು.

"ನನ್ನನ್ನ ಒಂದು ದಿನ ಹೀಗೆ ಹಿಡ್ಕೊಂಡಿಲ್ಲ ಈ ಮನುಷ್ಯ," ಎಂದಳು.

ಬೆಸುಗೆಯಕ್ಕನಿಗೆ ಐವತ್ತೆರಡು. ಇಪ್ಪತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸರ್ಕ್ಯೂಟ್ ರಿಪೇರಿ ಮಾಡಿದವಳು. ಈಗ ಮನೆಯ ಹಿಂಗೋಣೆಯಲ್ಲಿ ಕೂತು ಹಳೆಯ ಕ್ಯಾಸೆಟ್‌ಗಳ ಚಿಪ್ ಸಾಯುವ ಮೊದಲು ಒಳಗಿನ ಆಟವನ್ನು ಓದಿ ತೆಗೆದಿಡುತ್ತಾಳೆ. ತೆಗೆದದ್ದು ಕಂಪ್ಯೂಟರಿನಲ್ಲೂ ಓಡುತ್ತದೆ. ಅವಳೇ ಕಟ್ಟಿದ ಖಾಲಿ ಕ್ಯಾಸೆಟ್ಟಿಗೆ ತುಂಬಿದರೆ ಹಳೆಯ ಯಂತ್ರದಲ್ಲೂ ಓಡುತ್ತದೆ. ಹೀಗೆ ಉಳಿದ ಆಟಗಳು ಮುನ್ನೂರ ಹನ್ನೊಂದು.

ಭಾವ ಸಂಗ್ರಾಹಕರ ಸಂಘದ ಅಧ್ಯಕ್ಷರು. ಆಟ ಆಡದವರ ಸಂಘ ಎಂದರೂ ತಪ್ಪಿಲ್ಲ. ಭೂತಗನ್ನಡಿ ಹಿಡಿದು ಡಬ್ಬಿಯ ಮೂಲೆಗಳಿಗೆ ಅಂಕ ಕೊಡುವುದು ಅಲ್ಲಿನ ಮುಖ್ಯ ಚಟುವಟಿಕೆ. ಭಾವನ ಹಮ್ಮೆಲ್ಲ ಈ ಕ್ಯಾಸೆಟ್ಟಿನಲ್ಲಿದ್ದ ದೋಣಿ ಆಟದ ಮೇಲೆ. ಮಾಡಿದ ಕಂಪನಿ ಮುಚ್ಚಿದ್ದರಿಂದ ಅದು ಅಂಗಡಿ ಕಾಣಲಿಲ್ಲ; ಪರೀಕ್ಷೆಗೆಂದು ಮಾಡಿದ ಈ ಪ್ರತಿ ಬಿಟ್ಟರೆ ಇನ್ನೊಂದಿಲ್ಲ. ಒಮ್ಮೆ ಓದಿಕೊಳ್ಳುತ್ತೇನೆಂದು ಆರು ವರ್ಷದಿಂದ ಅವಳು ಕೇಳುತ್ತಿದ್ದಳು. ಎರಡಾದರೆ ಅಪರೂಪ ಎಲ್ಲಿ ಉಳಿಯಿತು ಎಂದು ಅವರು ಕೊಟ್ಟಿರಲಿಲ್ಲ.

"ಆನ್ ಆಗ್ತಿಲ್ಲ. ಸ್ವಲ್ಪ ಒರೆಸಿಕೊಡು, ಸಾಕು," ಎಂದರು ಭಾವ.

ಅವಳು ಮಖಮಲ್ಲು ಬಿಡಿಸಿ, ಹೊರಕವಚವಿಲ್ಲದ ಆ ಪರೀಕ್ಷಾ ಪ್ರತಿಯ ಚಿಪ್ಪಿನತ್ತ ಬಗ್ಗಿದಳು. "ಚಿಪ್ ಮೇಲಿನ ಕಪ್ಪು ಚೀಟಿ ಎಲ್ಲಿ ಭಾವ?"

"ಅದಾ? ಅಸಹ್ಯವಾಗಿತ್ತು. ಪ್ರದರ್ಶನಕ್ಕೆ ಅಂತ ನಾನೇ ಕಿತ್ತು ಸ್ಪಿರಿಟ್ ಹಾಕಿ ಒರೆಸ್ದೆ. ಈಗ ನೋಡು, ಗಾಜಿನೊಳಗೆ ಹೇಗೆ ಹೊಳೀತಿದೆ."

ಆ ಬಗೆಯ ಚಿಪ್ಪಿನ ನೆತ್ತಿಯಲ್ಲಿ ಪುಟ್ಟ ಗಾಜು ಇರುತ್ತದೆ. ಬರೆದದ್ದನ್ನು ಅಳಿಸಲು ಅದರ ಮೂಲಕ ಬೆಳಕು ಬಿಡುತ್ತಾರೆ; ಬೇಡದ ಬೆಳಕು ಹೋಗದಿರಲೆಂದು ಚೀಟಿ ಅಂಟಿಸುತ್ತಾರೆ. ಅಧ್ಯಕ್ಷರು ಚೀಟಿ ಕಿತ್ತು ಹದಿನಾಲ್ಕು ತಿಂಗಳು ಬಿಸಿಲು ಬೀಳುವ ಗಾಜಿನ ಬೀರುವಿನಲ್ಲಿ ಇಟ್ಟಿದ್ದರು. ಧೂಳು ಬೀಳದಂತೆ ಮಾತ್ರ ಬಹಳ ಎಚ್ಚರ ವಹಿಸಿದ್ದರು.

"ಒರೆಸಿದ್ರೆ ಆಗಲ್ಲ, ಬಿಸಿಲಿಗೆ ಅಳಿಸದೆ ಉಳಿದದ್ದನ್ನ ಈಗ್ಲೇ ಓದಿ ತೆಗೀಬೇಕು," ಎಂದಳು.

"ಓದೋದಾದ್ರೆ ಓದು," ಎಂದರು ಭಾವ. "ಪ್ರತಿ ಮಾತ್ರ ಇಟ್ಕೋಬೇಡ. ಒಂದೇ ಇರ್ಬೇಕು."

"ಈಗ ಒಂದೂ ಇಲ್ವಲ್ಲ ಭಾವ."

ಮೂರು ಸಲ ಓದಿದಾಗ ಚಿಪ್ ಮೂರು ಬೇರೆ ಉತ್ತರ ಕೊಟ್ಟಿತು. ಅವಳು ವಿದ್ಯುತ್ತನ್ನು ಐದು ವೋಲ್ಟಿನಿಂದ ನಾಲ್ಕಕ್ಕೆ ಇಳಿಸಿದಳು. ಒತ್ತಡ ಕಡಿಮೆಯಾದರೆ ಮಾಸಿದ ಅಕ್ಷರ ಕೆಲವೊಮ್ಮೆ ಮತ್ತೆ ಕಾಣುತ್ತದೆ. ಇನ್ನೂರು ಸಲ ಓದಿಸಿ, ಪ್ರತಿ ಜಾಗದಲ್ಲೂ ಹೆಚ್ಚು ಸಲ ಬಂದದ್ದನ್ನೇ ನಿಜವೆಂದು ಹಿಡಿದಳು. ಊಟದ ಹೊತ್ತು ಮೀರಿತು. ಆಟದ ಎಂಟು ಹಂತಗಳಲ್ಲಿ ಏಳು ಸಿಕ್ಕವು. ಎಂಟನೆಯದರ ಜಾಗ ಖಾಲಿ.

ಅವಳ ಕ್ಯಾಸೆಟ್ಟಿನಲ್ಲಿ ಆಟ ಓಡಿತು. ಭಾವ ಕಂಟ್ರೋಲರನ್ನು ತಲೆಕೆಳಗಾಗಿ ಹಿಡಿದರು. ದೋಣಿ ಮೊದಲ ಬಂಡೆಗೇ ಗುದ್ದಿತು.

"ಅಧ್ಯಕ್ಷರು ಮುಳುಗಿದ್ರು," ಎಂದಳು ಅಕ್ಕ.

ಭಾವ ಪರದೆಯತ್ತ ಬೆರಳು ತೋರಿಸಿ, "ಇದನ್ನ ಅಳಿಸಿಬಿಡು," ಎಂದರು.

"ಅಳಿಸಲ್ಲ. ನಿಮ್ಮದಕ್ಕೆ ಬೇಕಾದ್ರೆ ಹೊಸ ಚಿಪ್ ಹಾಕಿ ಇದನ್ನೇ ತುಂಬಿಕೊಡ್ತೀನಿ. ಏಳು ಹಂತವಾದ್ರೂ ಓಡುತ್ತೆ."

"ಹೊಸ ಚಿಪ್ಪಾ? ಅಸಲುತನ ಹೋಗುತ್ತಲ್ಲ."

ಓಡದ ಕ್ಯಾಸೆಟ್ಟನ್ನು ಅವರು ಮತ್ತೆ ಮಖಮಲ್ಲಿನಲ್ಲಿ ಸುತ್ತಿಕೊಂಡರು.

ಸೋಮವಾರ ಬೆಸುಗೆಯಕ್ಕ ಏಳು ಹಂತಗಳ ಆಟವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಜಾಲತಾಣಕ್ಕೆ ಹಾಕುತ್ತಾಳೆ. ಎಂಟನೆಯದು ಏಕಿಲ್ಲ ಎಂಬುದಕ್ಕೆ ಜೊತೆಯಲ್ಲಿ ಎರಡು ಸಾಲಿನ ಟಿಪ್ಪಣಿ ಬರೆದಿದ್ದಾಳೆ.