ಪಕ್ಕದ ಹೋಟ್ಲಿನ ಭಟ್ರನ್ನ ಪುಸಲಾಯಿಸಿದ್ದು ಯಾರು?

ಈ ಸಲ ಒಂದಕ್ಷರ ಸುಳ್ಳಿಲ್ಲ, ಬೇಕಾದ್ರೆ ಈ ಬಿಸಿ ಕಾಫಿ ಮುಟ್ಟಿ ಹೇಳ್ತೀನಿ. ಮದ್ರಾಸಲ್ಲಿ ಟ್ರಾಮು ನಿಂತ ಹೊಸದು. ಎಗ್ಮೋರಲ್ಲಿ ನಮ್ಮೂರಿನೋರ ಹೋಟ್ಲಲ್ಲಿ ನಾನು ಸಪ್ಲೈಯರು. ಪಕ್ಕದ ಹೋಟ್ಲಲ್ಲಿ ಒಬ್ರು ಅಡುಗೆ ಭಟ್ರು. ಅವರ ಸಾಂಬಾರಿನ ವಾಸನೆಗೆ ರೈಲುಗಳು ಹತ್ತು ನಿಮಿಷ ಮೊದಲೇ ಸ್ಟೇಷನ್ನಿಗೆ ಬರ್ತಿದ್ವು.

ಒಂದಿನ ಆ ಭಟ್ರು ಸೌಟು ಹಿಡ್ಕೊಂಡು ನಮ್ಮ ಹೋಟ್ಲಿಗೆ ಕೆಲಸಕ್ಕೆ ಬಂದುಬಿಟ್ರು. ಹಿಂದೇನೇ ಅವರ ಯಜಮಾನ ಬಂದು, "ನಮ್ಮ ಭಟ್ರನ್ನ ಪುಸಲಾಯಿಸಿದ್ದು ಇವನೇ!" ಅಂತ ನನ್ನ ತೋರಿಸಿದ. ಒಬ್ಬರ ಭಟ್ರನ್ನ ಇನ್ನೊಬ್ಬರು ಎಳ್ಕೊಳ್ಳೋದು ನಮ್ಮ ಹೋಟ್ಲಿನೋರಲ್ಲಿ ಮಹಾ ತಪ್ಪು. ನಮ್ಮ ಧಣಿ ನನ್ನ ಟ್ರಂಕು ಹೊರಗಿಡ್ಸಿದ್ರು.

"ಧಣಿ, ಪುಸಲಾಯಿಸೋದು ಅಂದ್ರೆ ಔಷಧಿ ಕುಡಿಯದ ಮಗುವಿಗೆ ಬೆಲ್ಲ ತೋರಿಸೋದು. ಐವತ್ತು ವರ್ಷದ ಭಟ್ರಿಗೆ ನಾನೇನು ತೋರಿಸ್ಲಿ?" ಅಂದೆ.

ಕೊನೆಗೆ ಭಟ್ರೇ ಹೇಳಿದ್ರು: "ಯಾರೂ ಪುಸಲಾಯಿಸಿಲ್ಲ ಮಾರಾಯ್ರೇ. ಅಲ್ಲಿ ಅಡುಗೆಮನೆಗೆ ಕಿಟಕೀನೇ ಇಲ್ಲ, ಇಲ್ಲಿ ಎರಡಿದೆ."

ಅಬ್ಬಾ, ಹೋದ ಜೀವ ಬಂತು! ಟ್ರಂಕು ಒಳಗೆ ಬಂತು. ಆ ಭಟ್ರ ಹತ್ರ ನಾನು ಅದಕ್ಕೆ ಮುಂಚೆ ಮಾತೇ ಆಡಿರ್ಲಿಲ್ಲ, ಈ ಕಾಫಿಯಾಣೆಗೂ.

ಇಷ್ಟು ಹೇಳೋ ಹೊತ್ತಿಗೆ ನಮ್ಮನೆ ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದ್ಲು: "ಮತ್ತೆ ಆಗ ದಿನಾ ನನ್ನ ತವರುಮನೆ ಜಗಲೀಲಿ ಕೂತು, ನಮ್ಮಪ್ಪನಿಗೆ ಆ ಎರಡು ಕಿಟಕಿ ಗಾಳಿ ವರ್ಣಿಸ್ತಿದ್ದೋರು ಯಾರ್ರೀ?"